ಆರ್ಚಿಬಾಲ್ಡ್ ವಿವಿಯನ್ ಹಿಲ್

ಆರ್ಚಿಬಾಲ್ಡ್ ವಿವಿಯನ್ ಹಿಲ್ (ಸೆಪ್ಟೆಂಬರ್ 26, 1886 – ಜೂನ್ 3, 1977) ಇಂಗ್ಲೆಂಡಿನ ಪ್ರಸಿದ್ಧ ಶರೀರಕ್ರಿಯಾ ವಿಜ್ಞಾನಿ. ವಿಜ್ಞಾನಲೋಕದಲ್ಲಿ ಅವರು ಎ. ವಿ. ಹಿಲ್ ಎಂದೇ ಪರಿಚಿತರು. ಸ್ನಾಯುಗಳಲ್ಲಿ ಉಷ್ಣವು ಉತ್ಪತ್ತಿಯಾಗುವ ಬಗೆಯನ್ನು ಕಂಡುಹಿಡಿದುದಕ್ಕಾಗಿ 1922ನೆಯ ಸಾಲಿನ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಜರ್ಮನಿಯ ಒಟ್ಟೊ ಮೈಯರ್‌ಹಾಫ್ ಅವರೊಂದಿಗೆ ಹಂಚಿಕೊಂಡರು. ಸ್ನಾಯುವಿನ ಬಲಕ್ಕೂ ಅದು ಕುಗ್ಗುವ ವೇಗಕ್ಕೂ ಇರುವ ಸಂಬಂಧವನ್ನು ತಿಳಿಸುವ ಸಮೀಕರಣ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಕುಗ್ಗುವುದಕ್ಕೆ ಮೊದಲು ಹಿಗ್ಗಿಸಲ್ಪಟ್ಟ ಸ್ನಾಯು ಹೆಚ್ಚು ಬಲವನ್ನು ಏಕೆ ನೀಡುತ್ತದೆ ಎಂಬ ಪ್ರಶ್ನೆಯನ್ನು ಪರಿಶೀಲಿಸಲು ಬೇಕಾದ ಅಳತೆಗಳೂ ಪರಿಕಲ್ಪನೆಗಳೂ ಬಹುಮಟ್ಟಿಗೆ ಹಿಲ್ ಮತ್ತು ಅವರ ಪ್ರಯೋಗಾಲಯದ ಸಹೋದ್ಯೋಗಿಗಳಿಂದ ದೊರೆತವು.

ಜನನ ಮತ್ತು ವಿದ್ಯಾಭ್ಯಾಸ

ಹಿಲ್ ಅವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜನಿಸಿದರು. ತಂದೆ ಜೊನಾಥನ್ ಹಿಲ್ ಮರದ ವ್ಯಾಪಾರಿ. ಮಗ ಚಿಕ್ಕವನಿರುವಾಗಲೇ ತಂದೆ ಸಂಸಾರವನ್ನು ತೊರೆದುಹೋದುದರಿಂದ ಅವರನ್ನೂ ಅವರ ಸಹೋದರಿಯನ್ನೂ ತಾಯಿಯೇ ಬೆಳೆಸಿದರು. ಟಿವರ್ಟನ್ ಊರಿನ ಬ್ಲಂಡೆಲ್ಸ್ ಶಾಲೆಯಲ್ಲಿ ಓದಿದ ಹಿಲ್, ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದರು. 1907ರಲ್ಲಿ ಅಲ್ಲಿನ ಗಣಿತಶಾಸ್ತ್ರದ ಪ್ರತಿಷ್ಠಿತ ಪರೀಕ್ಷೆಯಲ್ಲಿ ಮೂರನೆಯ ಸ್ಥಾನ ಗಳಿಸಿದರು.

ಗಣಿತದಲ್ಲಿ ಇಷ್ಟು ಉತ್ತಮವಾಗಿ ತೇರ್ಗಡೆಯಾಗಿದ್ದರೂ ಆ ವಿಷಯದಲ್ಲಿಯೇ ಮುಂದುವರಿಯಲು ಅವರ ಮನಸ್ಸು ಒಪ್ಪಲಿಲ್ಲ. ಅಧ್ಯಾಪಕ ವಾಲ್ಟರ್ ಮಾರ್ಲಿ ಫ್ಲೆಚರ್ ಅವರ ಪ್ರೇರಣೆಯಿಂದ ಶರೀರಕ್ರಿಯಾಶಾಸ್ತ್ರದ ಕಡೆಗೆ ಹೊರಳಿದರು. ಫ್ಲೆಚರ್ ಅವರು ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್ ಅವರೊಡಗೂಡಿ, ದಣಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗುವುದನ್ನೂ ಆಮ್ಲಜನಕ ದೊರೆತಾಗ ಅದು ಇಲ್ಲವಾಗುವುದನ್ನೂ 1907ರಲ್ಲಿ ತೋರಿಸಿದ್ದರು. 1909ರಲ್ಲಿ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ ಅವರು, ಕಪ್ಪೆಯ ದೇಹದಿಂದ ಬೇರ್ಪಡಿಸಿದ ಸ್ನಾಯುವನ್ನು ಒಂದು ಯಂತ್ರವೆಂದು ಭಾವಿಸಿ ಅದರ ದಕ್ಷತೆಯನ್ನು ಅಳೆಯುವಂತೆ ಹಿಲ್ ಅವರಿಗೆ ಸೂಚಿಸಿದರು. ಆ ಸೂಚನೆಯೇ ಅವರ ಜೀವಮಾನದ ಕಾರ್ಯವಾಯಿತು.

ಆರಂಭದ ಸಂಶೋಧನೆಗಳು

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವ ರೀತಿಯನ್ನು ವಿವರಿಸುವ ಸಮೀಕರಣವೊಂದನ್ನು ಹಿಲ್ 1910ರಲ್ಲಿ ಪ್ರಕಟಿಸಿದರು. ಔಷಧವಿಜ್ಞಾನದಲ್ಲಿಯೂ ಜೀವರಸಾಯನದಲ್ಲಿಯೂ ಅದು ಇಂದಿಗೂ ಬಳಕೆಯಲ್ಲಿದೆ. ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಆಗಿ ಆಯ್ಕೆಯಾದರು. ಆ ಬಳಿಕ ಜರ್ಮನಿಯ ಟ್ಯೂಬಿಂಗೆನ್ ನಗರಕ್ಕೆ ತೆರಳಿ, ಕಾರ್ಲ್ ಬ್ಯೂರ್ಕರ್ ಮತ್ತು ಫ್ರೀಡ್ರಿಕ್ ಪಾಷೆನ್ ಅವರಿಂದ ಸೂಕ್ಷ್ಮವಾದ ಉಷ್ಣಮಾಪನದ ವಿಧಾನಗಳನ್ನು ಕಲಿತು ಬಂದರು.

ಕಪ್ಪೆಯ ಸ್ನಾಯು ಒಮ್ಮೆ ಮಿಡಿದಾಗ ಅದರ ಉಷ್ಣತೆ ಏರುವುದು ಒಂದು ಡಿಗ್ರಿಯ ಸಾವಿರದ ಕೆಲವೇ ಅಂಶಗಳಷ್ಟು ಮಾತ್ರ. ಇದನ್ನು ಸಾಧಾರಣ ಉಷ್ಣಮಾಪಕದಿಂದ ಅರಿಯುವುದು ಅಸಾಧ್ಯ. ಎರಡು ಬಗೆಯ ಲೋಹಗಳ ಬೆಸುಗೆಯನ್ನು ಬಿಸಿಮಾಡಿದಾಗ ಹುಟ್ಟುವ ಕಿರಿದಾದ ವಿದ್ಯುತ್ತನ್ನು ಗ್ಯಾಲ್ವನೋಮೀಟರಿನಿಂದ ಗುರುತಿಸುವ ವಿಧಾನವನ್ನು ಹಿಲ್ ಅನುಸರಿಸಿದರು. ಈ ಉಪಕರಣಗಳನ್ನು ಮತ್ತಷ್ಟು ಶೀಘ್ರವಾಗಿಯೂ ಸೂಕ್ಷ್ಮವಾಗಿಯೂ ಕೆಲಸ ಮಾಡುವಂತೆ ತಿದ್ದುವುದರಲ್ಲಿ ಅವರು ದಶಕಗಳನ್ನೇ ಕಳೆದರು.

ಸ್ನಾಯು ಕುಗ್ಗುವಾಗ ಒಂದಷ್ಟು ಉಷ್ಣ ಹೊರಬರುತ್ತದೆ. ಕೆಲಸ ಮುಗಿದು ವಿಶ್ರಾಂತಿಗೆ ಮರಳಿದ ಮೇಲೆಯೂ ಹಲವು ನಿಮಿಷಗಳ ಕಾಲ ನಿಧಾನವಾಗಿ ಉಷ್ಣ ಹೊರಬರುತ್ತಲೇ ಇರುತ್ತದೆ ಎಂಬುದನ್ನು ಅವರು ತೋರಿಸಿದರು. ಆಮ್ಲಜನಕವಿಲ್ಲದಿದ್ದರೂ ಮೊದಲ ಹಂತದ ಉಷ್ಣ ಹುಟ್ಟುತ್ತಿತ್ತು. ಎರಡನೆಯ ಹಂತದ ಉಷ್ಣಕ್ಕೆ ಮಾತ್ರ ಆಮ್ಲಜನಕ ಅಗತ್ಯವಾಗಿತ್ತು. ಅಂದರೆ ಸ್ನಾಯು ಆಮ್ಲಜನಕವನ್ನು ಬಳಸುವುದು ಕುಗ್ಗುವ ಕ್ಷಣದಲ್ಲಿ ಅಲ್ಲ, ಆಮೇಲೆ ಚೇತರಿಸಿಕೊಳ್ಳುವಾಗ ಎಂಬುದು ಇದರಿಂದ ಸ್ಪಷ್ಟವಾಯಿತು.

ಮೊದಲ ಮಹಾಯುದ್ಧದಲ್ಲಿ ಹಿಲ್ ಅವರು ವಿಮಾನವಿರೋಧಿ ಫಿರಂಗಿಗಳ ಗುರಿಯನ್ನು ಸುಧಾರಿಸುವ ಗಣಿತಜ್ಞರ ತಂಡವೊಂದನ್ನು ಮುನ್ನಡೆಸಿದರು. ರಾಲ್ಫ್ ಫೌಲರ್ ಮತ್ತು ಇ. ಎ. ಮಿಲ್ನ್ ಆ ತಂಡದಲ್ಲಿದ್ದರು. 1918ರಲ್ಲಿ ಹಿಲ್ ರಾಯಲ್ ಸೊಸೈಟಿಯ ಸದಸ್ಯರಾಗಿ ಚುನಾಯಿತರಾದರು.

ಮ್ಯಾಂಚೆಸ್ಟರ್ ಮತ್ತು ನೊಬೆಲ್ ಪ್ರಶಸ್ತಿ

1920ರಲ್ಲಿ ಹಿಲ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಹಾರ್ಟ್ಲಿ ಲಪ್ಟನ್ ಅವರೊಂದಿಗೆ ಮನುಷ್ಯನ ಓಟವನ್ನು ಅಭ್ಯಸಿಸಿದರು. ಸ್ವತಃ ಓಟಗಾರರಾಗಿದ್ದ ಹಿಲ್ ತಮ್ಮ ದೇಹವನ್ನೇ ಪ್ರಯೋಗಕ್ಕೆ ಒಡ್ಡಿಕೊಂಡರು. ಬೆನ್ನಿಗೆ ಚೀಲ ಕಟ್ಟಿಕೊಂಡು ಓಡಿ, ಹೊರಬಿಟ್ಟ ಉಸಿರನ್ನು ಅದರಲ್ಲಿ ಸಂಗ್ರಹಿಸಿ ಬಳಕೆಯಾದ ಆಮ್ಲಜನಕದ ಪ್ರಮಾಣವನ್ನು ಲೆಕ್ಕಹಾಕಿದರು. ಓಟದ ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆಯೂ ಹೆಚ್ಚಿ, ಒಂದು ಮಿತಿಯನ್ನು ಮುಟ್ಟಿದ ಮೇಲೆ ಅಲ್ಲಿಯೇ ನಿಲ್ಲುತ್ತದೆ ಎಂಬುದು ಅವರ ನಿರ್ಣಯ. ಕ್ರೀಡಾಪಟುಗಳ ಸಾಮರ್ಥ್ಯವನ್ನು ಅಳೆಯಲು ಇಂದು ಬಳಸುವ ಗರಿಷ್ಠ ಆಮ್ಲಜನಕ ಬಳಕೆಯ ಪರಿಕಲ್ಪನೆಗೂ, ಓಟ ಮುಗಿದ ಮೇಲೆ ತೀರಿಸಬೇಕಾದ ಆಮ್ಲಜನಕ ಋಣದ ಪರಿಕಲ್ಪನೆಗೂ ಈ ಪ್ರಯೋಗಗಳೇ ಮೂಲ.

ಮೈಯರ್‌ಹಾಫ್ ಅವರು ಸ್ನಾಯುವಿನ ಆಮ್ಲಜನಕ ಬಳಕೆಗೂ ಲ್ಯಾಕ್ಟಿಕ್ ಆಮ್ಲಕ್ಕೂ ಇರುವ ನಿಯತವಾದ ಸಂಬಂಧವನ್ನು ರಸಾಯನಶಾಸ್ತ್ರದ ಮಾರ್ಗದಿಂದ ಕಂಡುಕೊಂಡಿದ್ದರು. ಹಿಲ್ ಉಷ್ಣಮಾಪನದ ಮಾರ್ಗದಿಂದ ಅದೇ ದಿಕ್ಕಿಗೆ ಬಂದಿದ್ದರು. 1922ರ ನೊಬೆಲ್ ಪ್ರಶಸ್ತಿಯನ್ನು ಇವರಿಬ್ಬರಿಗೂ 1923ರಲ್ಲಿ ನೀಡಲಾಯಿತು. ಅದೇ ವರ್ಷ ಹಿಲ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ಅವರ ಉತ್ತರಾಧಿಕಾರಿಯಾದರು. 1926ರಿಂದ 1951ರವರೆಗೆ ರಾಯಲ್ ಸೊಸೈಟಿಯ ಫೌಲರ್ಟನ್ ಸಂಶೋಧನ ಪ್ರಾಧ್ಯಾಪಕರಾಗಿ ಅಲ್ಲಿಯೇ ಕಾರ್ಯನಿರ್ವಹಿಸಿದರು.

ಸ್ನಾಯುವಿನ ಬಲ ಮತ್ತು ವೇಗ

ಭಾರವಾದ ವಸ್ತುವನ್ನು ನಿಧಾನವಾಗಿಯೂ ಹಗುರವಾದುದನ್ನು ಶೀಘ್ರವಾಗಿಯೂ ಎತ್ತುವುದು ಎಲ್ಲರ ಅನುಭವ. ಇದನ್ನು ಲೆಕ್ಕಕ್ಕೆ ತರಲು ಹಿಲ್ 1922ರಲ್ಲಿ ಭಾರವಾದ ಚಕ್ರವೊಂದನ್ನು ಉಪಯೋಗಿಸಿದರು. ಚಕ್ರಕ್ಕೆ ಜೋಡಿಸಿದ ಬೇರೆ ಬೇರೆ ಅಳತೆಯ ರಾಟೆಗಳ ಮೇಲೆ ಹಗ್ಗ ಸುತ್ತಿ, ಮೊಣಕೈ ಮಡಚುತ್ತ ಪೂರ್ಣ ಶಕ್ತಿಯಿಂದ ಎಳೆದಾಗ ದೊರೆಯುವ ಕೆಲಸವನ್ನು ಅಳೆದರು. ಸ್ನಾಯು ವೇಗವಾಗಿ ಕುಗ್ಗಿದಷ್ಟೂ ದೊರೆಯುವ ಕೆಲಸ ಕಡಿಮೆಯಾಗುತ್ತಿತ್ತು.

ಇದಕ್ಕೆ ಅವರು ಮೊದಲು ಕೊಟ್ಟ ಕಾರಣ ಸ್ನಿಗ್ಧತೆ. ಪ್ರಚೋದನೆಗೊಂಡ ಸ್ನಾಯುವೆಂದರೆ ಜೇನಿನಂತಹ ಮಂದದ್ರವದಲ್ಲಿ ಮುಳುಗಿಸಿದ, ಎಳೆದು ಬಿಗಿಮಾಡಿದ ಸ್ಪ್ರಿಂಗ್ ಇದ್ದಂತೆ. ಶೀಘ್ರವಾಗಿ ಚಲಿಸಿದರೆ ದ್ರವದ ತಡೆಯೇ ಬಲವನ್ನು ನುಂಗುತ್ತದೆ ಎಂಬುದು ಅವರ ಊಹೆ. ಈ ಊಹೆ ಸರಿಯಾಗಿದ್ದರೆ, ಪ್ರಚೋದನೆಯಾದ ಕೂಡಲೇ ಸ್ನಾಯುವಿನಲ್ಲಿ ಒಂದು ನಿಶ್ಚಿತ ಪ್ರಮಾಣದ ಶಕ್ತಿ ಸಿದ್ಧವಾಗಬೇಕು. ಅನಂತರ ಅದು ಭಾರ ಎತ್ತಲಿ, ಸುಮ್ಮನಿರಲಿ, ಒಟ್ಟು ವೆಚ್ಚ ಬದಲಾಗಬಾರದು.

ಆದರೆ ಹಿಲ್ ಅವರೊಂದಿಗೆ ಕೆಲಸ ಮಾಡಲು ಅಮೆರಿಕದಿಂದ ಬಂದಿದ್ದ ವಾಲೆಸ್ ಫೆನ್ ಅವರ ಪ್ರಯೋಗಗಳು 1923 ಮತ್ತು 1924ರಲ್ಲಿ ಬೇರೆಯದೇ ಫಲಿತಾಂಶವನ್ನು ಕೊಟ್ಟವು. ಸ್ನಾಯು ಭಾರವನ್ನು ಎತ್ತುತ್ತ ಕುಗ್ಗಿದಾಗ ಹೆಚ್ಚು ಶಕ್ತಿಯನ್ನು ಬಿಡುಗಡೆ ಮಾಡುತ್ತಿತ್ತು. ಕ್ರಿಯಾಶೀಲವಾಗಿರುವಾಗಲೇ ಅದನ್ನು ಹೊರಗಿನ ಭಾರ ಎಳೆದು ಹಿಗ್ಗಿಸಿದರೆ ಬಿಡುಗಡೆಯಾಗುವ ಶಕ್ತಿ ಕಡಿಮೆಯಾಗುತ್ತಿತ್ತು. ಸ್ನಾಯು ತಾನು ಎದುರಿಸುವ ಭಾರಕ್ಕೆ ತಕ್ಕಂತೆ ತನ್ನ ವೆಚ್ಚವನ್ನು ಹೊಂದಿಸಿಕೊಳ್ಳುತ್ತಿತ್ತು. ಕೇವಲ ಸ್ಪ್ರಿಂಗ್ ಹೀಗೆ ವರ್ತಿಸುವುದಿಲ್ಲ.

ಸ್ನಿಗ್ಧತೆಯ ಸಿದ್ಧಾಂತವನ್ನು ಹಿಲ್ ಆ ಕೂಡಲೇ ಬಿಟ್ಟುಕೊಡಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಅವರ ಬರಹಗಳಲ್ಲಿ ಉಳಿದಿತ್ತು. ಕೊನೆಗೆ 1938ರಲ್ಲಿ, ಹೆಚ್ಚು ಶೀಘ್ರವಾದ ಉಪಕರಣಗಳಿಂದ ತಾವೇ ನಡೆಸಿದ ಮಾಪನಗಳ ಆಧಾರದ ಮೇಲೆ ಅದನ್ನು ಕೈಬಿಟ್ಟು ಹೊಸ ಸಮೀಕರಣವನ್ನು ಪ್ರಕಟಿಸಿದರು. ಸ್ನಾಯು ಹೊರುವ ಭಾರಕ್ಕೆ ಒಂದು ಸ್ಥಿರಾಂಕವನ್ನೂ, ಅದು ಕುಗ್ಗುವ ವೇಗಕ್ಕೆ ಇನ್ನೊಂದು ಸ್ಥಿರಾಂಕವನ್ನೂ ಕೂಡಿಸಿ, ಆ ಎರಡು ಮೊತ್ತಗಳನ್ನು ಗುಣಿಸಿದರೆ ದೊರೆಯುವ ಗುಣಲಬ್ಧ ಯಾವಾಗಲೂ ಒಂದೇ ಆಗಿರುತ್ತದೆ ಎಂಬುದು ಅದರ ಸಾರ. ಭಾರ ಹೆಚ್ಚಿದರೆ ವೇಗ ಇಳಿಯುವುದಕ್ಕೆ ದ್ರವದ ತಡೆ ಕಾರಣವಲ್ಲ. ಶಕ್ತಿ ಬಿಡುಗಡೆಯಾಗುವ ದರವನ್ನೇ ಸ್ನಾಯು ನಿಯಂತ್ರಿಸಿಕೊಳ್ಳುತ್ತದೆ ಎಂಬ ನಿಲುವಿಗೆ ಅವರು ಬಂದರು.

ಹಿಲ್ ಸ್ನಾಯುವನ್ನು ಎರಡು ಭಾಗಗಳ ಜೋಡಣೆಯಾಗಿ ಕಲ್ಪಿಸಿದರು. ಒಂದು, ಬಲವನ್ನು ಹುಟ್ಟಿಸುವ ಸಂಕೋಚಕ ಭಾಗ. ಇನ್ನೊಂದು, ಅದರೊಂದಿಗೆ ಸಾಲಾಗಿ ಕೂಡಿಕೊಂಡ, ಸ್ನಾಯುರಜ್ಜು ಮೊದಲಾದವುಗಳಿಂದಾದ ಸ್ಥಿತಿಸ್ಥಾಪಕ ಭಾಗ. ಸಂಕೋಚಕ ಭಾಗ ಕುಗ್ಗತೊಡಗಿದಾಗ ಮೊದಲು ಈ ಸ್ಥಿತಿಸ್ಥಾಪಕ ಭಾಗ ಬಿಗಿಯಾಗಬೇಕು. ಆ ಮೇಲೆಯೇ ಬಲ ಪೂರ್ಣವಾಗಿ ಮೂಳೆಯನ್ನು ತಲುಪುತ್ತದೆ. ಈ ಸ್ಥಿತಿಸ್ಥಾಪಕ ಭಾಗದ ಗುಣಗಳನ್ನು ಕುರಿತು ಅವರು 1950ರಲ್ಲಿ ಪ್ರತ್ಯೇಕವಾದ ಪ್ರಬಂಧವನ್ನು ಬರೆದರು.

ಹಿಗ್ಗುವ ಸ್ನಾಯುವಿನ ಅಧ್ಯಯನ

ನೆಗೆಯುವವನು ಮೊದಲು ಮೊಣಕಾಲು ಬಗ್ಗಿಸಿ ಕೆಳಗಿಳಿಯುತ್ತಾನೆ. ಎಸೆಯುವವನು ಮೊದಲು ತೋಳನ್ನು ಹಿಂದಕ್ಕೆ ಒಯ್ಯುತ್ತಾನೆ. ಹೀಗೆ ಮಾಡುವಾಗ, ಮರುಕ್ಷಣದಲ್ಲಿ ಕುಗ್ಗಬೇಕಾದ ಸ್ನಾಯು ಕ್ರಿಯಾಶೀಲವಾಗಿದ್ದುಕೊಂಡೇ ಹಿಗ್ಗುತ್ತದೆ. ಒಂದು ನೆಗೆತದ ಬೆನ್ನಿಗೇ ಇನ್ನೊಂದು ನೆಗೆದರೆ ಎರಡನೆಯದು ಹೆಚ್ಚು ಎತ್ತರವಾಗುವುದನ್ನು ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ ಮತ್ತು ಜಾರ್ಜ್ ದೆಮೆನಿ 1885ರಲ್ಲಿಯೇ ಗಮನಿಸಿದ್ದರು. ಇದಕ್ಕೆ ಕಾರಣ ಹುಡುಕಬೇಕಾದರೆ ಹಿಗ್ಗುವ ಸ್ನಾಯುವಿನ ಬಲವನ್ನು ಅಳೆಯಬೇಕಾಗಿತ್ತು.

ಹಿಲ್ ಮತ್ತು ಹರ್ಬರ್ಟ್ ಗ್ಯಾಸರ್ ಅವರು 1924ರಲ್ಲಿ ಕ್ರಿಯಾಶೀಲ ಸ್ನಾಯುವನ್ನು ಥಟ್ಟನೆ ಸಡಿಲಿಸಿ ಹಾಗೂ ಥಟ್ಟನೆ ಎಳೆದು ಅದರ ಬಲ ಬದಲಾಗುವ ಬಗೆಯನ್ನು ದಾಖಲಿಸಿದ್ದರು. 1939ರಲ್ಲಿ ಹಿಲ್ ಅವರ ಶಿಷ್ಯ ಬರ್ನಾರ್ಡ್ ಕಾಟ್ಜ್ ಇನ್ನೂ ವಿವರವಾದ ಮಾಪನಗಳನ್ನು ಪ್ರಕಟಿಸಿದರು. ಕುಗ್ಗುವಾಗ ಸ್ನಾಯುವಿನ ಬಲ ಕಡಿಮೆಯಾಗುವಂತೆಯೇ, ಕ್ರಿಯಾಶೀಲ ಸ್ನಾಯುವನ್ನು ನಿಧಾನವಾಗಿ ಹಿಗ್ಗಿಸುವಾಗ ಬಲ ಕಡಿದಾಗಿ ಏರುತ್ತದೆ. ಉದ್ದ ಬದಲಾಗದೆ ಬಿಗಿಹಿಡಿದಾಗಿನ ಬಲವನ್ನು ಅದು ಬಹಳವಾಗಿ ಮೀರುತ್ತದೆ. ಹಿಲ್ ಸಮೀಕರಣವನ್ನು ಹಿಗ್ಗುವಿಕೆಗೂ ವಿಸ್ತರಿಸಿದರೆ ಬರುವ ಉತ್ತರಕ್ಕಿಂತ ಈ ಏರಿಕೆ ಹೆಚ್ಚು ಎಂಬುದೂ ಆಗ ಕಂಡುಬಂದಿತು. ಗುರುವಿನ ಸಮೀಕರಣಕ್ಕೆ ಇರುವ ಎಲ್ಲೆಯನ್ನು ಮರುವರ್ಷವೇ ಶಿಷ್ಯ ಗುರುತಿಸಿದಂತಾಯಿತು.

1951ರಲ್ಲಿ ಬರ್ನಾರ್ಡ್ ಆಬಟ್ ಮತ್ತು ಕ್ಸೇವಿಯರ್ ಓಬೇರ್ ಅವರೊಡನೆ ಹಿಲ್ ಪ್ರಕಟಿಸಿದ ಪ್ರಬಂಧ, ಹಿಗ್ಗಿಸಲ್ಪಡುವ ಸ್ನಾಯು ಕೆಲಸವನ್ನು ಹೀರಿಕೊಳ್ಳುವ ಬಗೆಯನ್ನು ಕುರಿತದ್ದು. ಸ್ನಾಯುವಿನ ಮೇಲೆ ಹೊರಗಿನಿಂದ ಮಾಡಿದ ಕೆಲಸದ ಒಂದು ಪಾಲು ಉಷ್ಣವಾಗಿ ಹೊರಬೀಳದೆ ಸ್ನಾಯುವಿನೊಳಗೇ ಉಳಿಯುವಂತೆ ಅವರ ಮಾಪನಗಳು ಸೂಚಿಸಿದವು.

1952ರಲ್ಲಿ ಆಬಟ್, ಬ್ರೆಂಡಾ ಬಿಗ್ಲಂಡ್ ಮತ್ತು ಮುರ್ಡಾಕ್ ರಿಚಿ ಅವರು ಲಂಡನ್ನಿನಲ್ಲಿ ಇದೇ ಸಂಗತಿಯನ್ನು ಮನುಷ್ಯರಲ್ಲಿ ಪರೀಕ್ಷಿಸಿದರು. ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ತಾಗುವಂತೆ ನಿಲ್ಲಿಸಿ ಒಂದೇ ಸರಪಳಿಯಿಂದ ಕೂಡಿಸಲಾಯಿತು. ಒಬ್ಬರು ಪೆಡಲನ್ನು ಮುಂದಕ್ಕೆ ತುಳಿಯುತ್ತಿದ್ದರೆ ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯುತ್ತಿದ್ದರು. ಇಬ್ಬರ ಕಾಲಿನ ಬಲವೂ ಸಮಾನ. ಆದರೆ ಒಬ್ಬರ ಸ್ನಾಯುಗಳು ಕುಗ್ಗುತ್ತಿದ್ದವು, ಇನ್ನೊಬ್ಬರ ಸ್ನಾಯುಗಳು ಹಿಗ್ಗುತ್ತಿದ್ದವು. ತುಳಿಯುವವರಿಗಿಂತ ತಡೆಯುವವರು ಬಹಳ ಕಡಿಮೆ ಆಮ್ಲಜನಕ ಬಳಸುತ್ತಿದ್ದರು. ಬೆಟ್ಟ ಹತ್ತುವುದಕ್ಕಿಂತ ಇಳಿಯುವಾಗ ಉಸಿರಾಟ ಹಗುರವಾಗಿರುವುದಕ್ಕೆ ಇದೇ ಕಾರಣ.

ನಂತರದ ಬೆಳವಣಿಗೆ

ಹಿಗ್ಗಿದ ಕೂಡಲೇ ಕುಗ್ಗುವ ಸ್ನಾಯುವಿನ ನೇರ ಪರೀಕ್ಷೆ 1960ರ ದಶಕದಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನಡೆಯಿತು. ಜೊವಾನಿ ಕವಾನ್ಯಾ, ರೊಡೋಲ್ಫೊ ಮರ್ಗಾರಿಯಾ ಮತ್ತು ಸಂಗಡಿಗರು 1965 ಹಾಗೂ 1968ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ, ಕಪ್ಪೆ ಜಾತಿಯ ಪ್ರಾಣಿಗಳ ಸ್ನಾಯುಗಳೂ ಮನುಷ್ಯನ ಮುಂದೋಳನ್ನು ಮಡಚುವ ಸ್ನಾಯುಗಳೂ ಮೊದಲೇ ಹಿಗ್ಗಿಸಲ್ಪಟ್ಟಾಗ ಹೆಚ್ಚು ಕೆಲಸ ಮಾಡುತ್ತವೆ ಎಂದು ತೋರಿಸಿದರು. ಮುಂದೆ ಫಿನ್ಲೆಂಡಿನ ಪಾವೊ ಕೋಮಿ ಮೊದಲಾದವರು ಈ ಕ್ರಿಯೆಯನ್ನು ಹಿಗ್ಗು–ಕುಗ್ಗು ಚಕ್ರವೆಂಬ ಹೆಸರಿನಲ್ಲಿ ಕ್ರೀಡಾವಿಜ್ಞಾನಕ್ಕೆ ಒದಗಿಸಿದರು.

ಈ ಹೆಚ್ಚಳಕ್ಕೆ ಹಲವು ಕಾರಣಗಳನ್ನು ವಿಜ್ಞಾನಿಗಳು ಮುಂದಿಡುತ್ತಾರೆ. ಹಿಗ್ಗುವ ಹಂತದಲ್ಲಿ ಸ್ನಾಯುರಜ್ಜು ಸ್ಪ್ರಿಂಗಿನಂತೆ ಶಕ್ತಿಯನ್ನು ಕೂಡಿಟ್ಟು ಮರುಕ್ಷಣದಲ್ಲಿ ಹಿಂದಿರುಗಿಸುತ್ತದೆ ಎಂಬುದು ಒಂದು. ಸ್ನಾಯುವಿನಲ್ಲಿ ಬಲ ಪೂರ್ಣವಾಗಿ ಬೆಳೆಯಲು ತುಸು ಸಮಯ ಬೇಕು. ಕುಗ್ಗುವಿಕೆ ಆರಂಭವಾಗುವ ಹೊತ್ತಿಗೆ ಬಲ ಆಗಲೇ ಸಿದ್ಧವಾಗಿರುತ್ತದೆ ಎಂಬುದು ಇನ್ನೊಂದು. ಥಟ್ಟನೆ ಹಿಗ್ಗಿದಾಗ ಬೆನ್ನುಹುರಿಯಿಂದ ಬರುವ ಅನೈಚ್ಛಿಕ ಪ್ರತಿಕ್ರಿಯೆ, ಸ್ನಾಯುತಂತುಗಳೊಳಗಿನ ಟೈಟಿನ್ ಎಂಬ ಪ್ರೋಟೀನಿನ ಬಿಗಿತ ಇವೂ ಕಾರಣಗಳಿರಬಹುದು. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದು ಚಲನೆಯಿಂದ ಚಲನೆಗೆ ಬದಲಾಗುತ್ತದೆ. ಆ ಕುರಿತ ಚರ್ಚೆ ಮುಂದುವರಿದಿದೆ. ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ನಡುವೆ ಬಹಳ ಹೊತ್ತು ತಡೆದರೆ ಲಾಭದ ಬಹುಪಾಲು ಕರಗಿಹೋಗುತ್ತದೆ ಎಂಬುದು ಮಾತ್ರ ಪದೇ ಪದೇ ಸಿದ್ಧವಾಗಿದೆ. ವ್ಯಾಯಾಮಕ್ಕೆ ಮುನ್ನ ಕೈಕಾಲುಗಳನ್ನು ನೀಡಿ ನಿಧಾನವಾಗಿ ಎಳೆದು ಹಿಡಿಯುವ ಅಭ್ಯಾಸ ಬೇರೆ, ಈ ಕ್ರಿಯೆ ಬೇರೆ.

ನಿಲುವುಗಳ ಪರಿಷ್ಕರಣೆ

ಲ್ಯಾಕ್ಟಿಕ್ ಆಮ್ಲವೇ ಸ್ನಾಯುಸಂಕೋಚನಕ್ಕೆ ಮೂಲವೆಂಬ ನಂಬಿಕೆ ನೊಬೆಲ್ ಪ್ರಶಸ್ತಿಯ ಕಾಲದಲ್ಲಿ ಬಲವಾಗಿತ್ತು. ಡೆನ್ಮಾರ್ಕಿನ ಐನಾರ್ ಲುಂಡ್ಸ್‌ಗಾರ್ಡ್ ಅವರು ಆ ಆಮ್ಲ ಉತ್ಪತ್ತಿಯಾಗದಂತೆ ತಡೆದರೂ ಸ್ನಾಯು ಕುಗ್ಗುವುದನ್ನು 1930ರಲ್ಲಿ ತೋರಿಸಿದರು. ತಮ್ಮ ಪ್ರಶಸ್ತಿಯ ತಳಹದಿಯನ್ನೇ ಅಲುಗಿಸಿದ ಈ ಫಲಿತಾಂಶವನ್ನು ಹಿಲ್ ಅಲ್ಲಗಳೆಯಲಿಲ್ಲ. ಅದನ್ನು ಸ್ನಾಯುವಿಜ್ಞಾನದ ಕ್ರಾಂತಿಯೆಂದು ಕರೆದು 1932ರಲ್ಲಿ ವಿಸ್ತಾರವಾದ ವಿಮರ್ಶಾ ಲೇಖನ ಬರೆದರು. ಎಟಿಪಿ ಎಂಬ ಸಂಯುಕ್ತವೇ ಶಕ್ತಿಯ ಮೂಲವೆನ್ನುವುದಾದರೆ ಜೀವಂತ ಸ್ನಾಯುವಿನಲ್ಲಿ ಅದನ್ನು ತೋರಿಸಿಕೊಡಿ ಎಂದು 1950ರಲ್ಲಿ ಜೀವರಸಾಯನ ವಿಜ್ಞಾನಿಗಳಿಗೆ ಸವಾಲು ಹಾಕಿದರು. 1962ರಲ್ಲಿ ಆ ಸವಾಲಿಗೆ ಪ್ರಯೋಗದ ಉತ್ತರ ದೊರೆಯಿತು. 1964ರಲ್ಲಿ, 78ನೆಯ ವಯಸ್ಸಿನ ಹೊಸ್ತಿಲಲ್ಲಿ, ಕುಗ್ಗುವಿಕೆಯ ಉಷ್ಣವನ್ನು ಕುರಿತು ತಾವು 1938ರಲ್ಲಿ ಹೇಳಿದ್ದನ್ನು ತಾವೇ ತಿದ್ದಿದರು.

ನಿರಾಶ್ರಿತ ವಿದ್ವಾಂಸರಿಗೆ ನೆರವು

1933ರಲ್ಲಿ ನಾಜಿ ಸರ್ಕಾರ ಯೆಹೂದಿ ಪ್ರಾಧ್ಯಾಪಕರನ್ನು ಹುದ್ದೆಗಳಿಂದ ತೆಗೆದುಹಾಕತೊಡಗಿದಾಗ, ವಿಲಿಯಂ ಬೆವರಿಜ್, ಅರ್ನೆಸ್ಟ್ ರುದರ್‌ಫರ್ಡ್ ಮೊದಲಾದವರೊಂದಿಗೆ ಹಿಲ್ ನಿರಾಶ್ರಿತ ವಿದ್ವಾಂಸರ ನೆರವಿನ ಮಂಡಳಿಯ ಸ್ಥಾಪನೆಯಲ್ಲಿ ಪಾಲ್ಗೊಂಡರು. ನಾಜಿ ನೀತಿಯನ್ನು ಬಹಿರಂಗವಾಗಿ ಖಂಡಿಸಿ, ಅದನ್ನು ಸಮರ್ಥಿಸಿದ ಜರ್ಮನ್ ಭೌತವಿಜ್ಞಾನಿ ಯೊಹಾನೆಸ್ ಸ್ಟಾರ್ಕ್ ಅವರೊಂದಿಗೆ ನೇಚರ್ ಪತ್ರಿಕೆಯಲ್ಲಿ ವಾದಿಸಿದರು. ಲೈಪ್ಜಿಗ್ ನಗರವನ್ನು ತೊರೆದು 1935ರಲ್ಲಿ ಲಂಡನ್ನಿಗೆ ಬಂದ ತರುಣ ಕಾಟ್ಜ್ ಅವರಿಗೆ ಹಿಲ್ ಅವರ ಪ್ರಯೋಗಾಲಯ ಆಶ್ರಯ ನೀಡಿತು. ಕಾಟ್ಜ್ 1970ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಹಿಲ್ ಅವರೊಂದಿಗೆ ಪ್ರಶಸ್ತಿ ಹಂಚಿಕೊಂಡಿದ್ದ ಮೈಯರ್‌ಹಾಫ್ ಕೂಡ 1938ರಲ್ಲಿ ಜರ್ಮನಿಯನ್ನು ಬಿಡಬೇಕಾಯಿತು.

ಸಾರ್ವಜನಿಕ ಜೀವನ ಮತ್ತು ಭಾರತ ಭೇಟಿ

ಹಿಲ್ ಅವರು 1935ರಿಂದ 1945ರವರೆಗೆ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದರು. ರೇಡಾರ್ ಬೆಳವಣಿಗೆಗೆ ಕಾರಣವಾದ ವಾಯುರಕ್ಷಣಾ ಸಮಿತಿಯಲ್ಲಿ ಹೆನ್ರಿ ಟಿಜಾರ್ಡ್ ಅವರೊಂದಿಗೆ ಕೆಲಸ ಮಾಡಿದರು. 1940ರಿಂದ 1945ರವರೆಗೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಬ್ರಿಟನ್ ಸಂಸತ್ತಿನ ಸದಸ್ಯರಾಗಿದ್ದರು.

1943ರ ಕೊನೆಯಲ್ಲಿ ಭಾರತ ಸರ್ಕಾರದ ಆಹ್ವಾನದ ಮೇರೆಗೆ ಭಾರತಕ್ಕೆ ಬಂದ ಹಿಲ್, ಕೆಲವು ತಿಂಗಳು ದೇಶವನ್ನು ಸಂಚರಿಸಿ ಇಲ್ಲಿನ ವಿಜ್ಞಾನಸಂಸ್ಥೆಗಳ ಸ್ಥಿತಿಗತಿಯನ್ನು ಪರಿಶೀಲಿಸಿದರು. ಬಂಗಾಳದಲ್ಲಿ ಭೀಕರ ಕ್ಷಾಮವಿದ್ದ ಕಾಲವದು. ಭಾರತದ ವೈಜ್ಞಾನಿಕ ಸಂಶೋಧನೆಯನ್ನು ಕುರಿತ ತಮ್ಮ ವರದಿಯಲ್ಲಿ, ವೈದ್ಯಕೀಯ ಬೋಧನೆ ಮತ್ತು ಸಂಶೋಧನೆಗಳೆರಡನ್ನೂ ಒಂದೆಡೆ ನಡೆಸುವ ಅಖಿಲ ಭಾರತ ಮಟ್ಟದ ಕೇಂದ್ರವೊಂದು ಬೇಕೆಂದು ಅವರು ಸೂಚಿಸಿದರು. ಭೋರ್ ಸಮಿತಿಯೂ 1946ರಲ್ಲಿ ಇಂತಹುದೇ ಶಿಫಾರಸು ಮಾಡಿತು. 1956ರಲ್ಲಿ ದೆಹಲಿಯಲ್ಲಿ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಸ್ಥಾಪನೆಯಾಯಿತು.

ಕುಟುಂಬ

1913ರಲ್ಲಿ ಹಿಲ್ ಅವರು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅವರ ಸಹೋದರಿ ಮಾರ್ಗರೆಟ್ ಅವರನ್ನು ವಿವಾಹವಾದರು. ಇವರಿಗೆ ನಾಲ್ವರು ಮಕ್ಕಳು. ಡೇವಿಡ್ ಹಿಲ್ ತಂದೆಯಂತೆ ಸ್ನಾಯುವಿಜ್ಞಾನಿಯಾದರು. ಮಾರಿಸ್ ಹಿಲ್ ಸಾಗರತಳದ ಭೂಭೌತವಿಜ್ಞಾನಿಯಾದರು. ಇನ್ನೊಬ್ಬ ಮಗಳು ಜಾನೆಟ್. ಮಗಳು ಪಾಲಿ ಹಿಲ್ ಗ್ರಾಮೀಣ ಆರ್ಥಿಕತೆಯ ವಿದ್ವಾಂಸರು. ನೈಜೀರಿಯದ ಹೌಸಾ ನಾಡಿನ ಒಣಬೇಸಾಯದ ಕುಟುಂಬಗಳನ್ನು ಕರ್ನಾಟಕದ ಆನೇಕಲ್ ತಾಲ್ಲೂಕಿನ ಹಳ್ಳಿಗಳ ಕುಟುಂಬಗಳೊಂದಿಗೆ ಹೋಲಿಸಿ ಬರೆದ ಅವರ ಗ್ರಂಥ 1982ರಲ್ಲಿ ಪ್ರಕಟವಾಯಿತು.

ಕೃತಿಗಳು, ಗೌರವಗಳು ಮತ್ತು ನಿಧನ

ಮಸ್ಕ್ಯುಲರ್ ಆ್ಯಕ್ಟಿವಿಟಿ (1926), ಲಿವಿಂಗ್ ಮಷಿನರಿ (1927), ಮಸ್ಕ್ಯುಲರ್ ಮೂವ್‌ಮೆಂಟ್ ಇನ್ ಮ್ಯಾನ್ (1927), ಟ್ರೇಲ್ಸ್ ಅಂಡ್ ಟ್ರಯಲ್ಸ್ ಇನ್ ಫಿಸಿಯಾಲಜಿ (1965) ಮತ್ತು ಫಸ್ಟ್ ಅಂಡ್ ಲಾಸ್ಟ್ ಎಕ್ಸ್‌ಪೆರಿಮೆಂಟ್ಸ್ ಇನ್ ಮಸಲ್ ಮೆಕ್ಯಾನಿಕ್ಸ್ (1970) ಅವರ ಮುಖ್ಯ ಗ್ರಂಥಗಳು. ರಾಯಲ್ ಸೊಸೈಟಿಯ ಕಾಪ್ಲಿ ಪದಕವನ್ನು 1948ರಲ್ಲಿ ಪಡೆದರು. 1952ರಲ್ಲಿ ಬ್ರಿಟಿಷ್ ವಿಜ್ಞಾನ ಪ್ರಗತಿ ಸಂಘದ ಅಧ್ಯಕ್ಷರಾಗಿದ್ದರು.

ನಿವೃತ್ತಿಯ ನಂತರವೂ ಹಲವು ವರ್ಷ ಪ್ರಯೋಗಗಳನ್ನು ಮುಂದುವರಿಸಿದ ಹಿಲ್, ಕೊನೆಯ ವರ್ಷಗಳನ್ನು ಕೇಂಬ್ರಿಜ್‌ನಲ್ಲಿ ಕಳೆದು, 1977ರ ಜೂನ್ 3ರಂದು ತಮ್ಮ 90ನೆಯ ವಯಸ್ಸಿನಲ್ಲಿ ಅಲ್ಲಿಯೇ ನಿಧನರಾದರು. ಸ್ನಾಯುವಿನ ಚಲನೆಯನ್ನು ಗಣಕಯಂತ್ರದಲ್ಲಿ ಅನುಕರಿಸುವ ಇಂದಿನ ಸಂಶೋಧಕರು ಬಳಸುವ ಮಾದರಿಗಳಲ್ಲಿ ಬಹಳಷ್ಟು ಈಗಲೂ ಹಿಲ್ ಮಾದರಿಗಳೆಂದೇ ಕರೆಯಲ್ಪಡುತ್ತವೆ.